ನಾಲಿಗೆಯಿಲ್ಲದ ಗಂಟೆ: ಹುಲ್ಲುಗಾವಲಲ್ಲಿ ನಿಂತ ಮನೆ

"ಮುಟ್ಟಿ ನೋಡಿ, ಫಿಸ್ಕಾಲರೇ. ನಿಮ್ಮ ಇಗರ್ಜಿಯದೇ ತಾನೆ ಇದು?"

ಇನ್‌ಸ್ಪೆಕ್ಟರ್ ಇಸೋಲ್ದಾ ಬಾಮೊಂದೆ ಗೋಣಿಚೀಲವನ್ನು ಹುಲ್ಲಿನ ಮೇಲೆ ಬಿಡಿಸಿಟ್ಟರು. ಒಳಗೆ ಮೊಳದುದ್ದದ ಕಬ್ಬಿಣದ ತುಂಡು. ಒಂದು ತುದಿಯಲ್ಲಿ ಕೊಂಡಿ, ಇನ್ನೊಂದು ತುದಿಯಲ್ಲಿ ದೊಡ್ಡ ಆಲೂಗಡ್ಡೆಯಂಥ ಗುಂಡು. ತುಕ್ಕು ತಿಂದು ಮೈಯೆಲ್ಲ ಚಕ್ಕೆ ಎದ್ದಿತ್ತು.

ನಾನು ಮೊದಲು ಶಿಲುಬೆಯ ಗುರುತು ಹಾಕಿಕೊಂಡೆ. ಆಮೇಲೆ ಮುಟ್ಟಿದೆ.

ನಮ್ಮ ಲಾವ್ಕೆಲ್ ದ್ವೀಪದಲ್ಲಿ ಫಿಸ್ಕಾಲನಲ್ಲದೆ ಬೇರೆ ಯಾರೂ ಗಂಟೆಯನ್ನು ಮುಟ್ಟುವುದಿಲ್ಲ. ಪಾದ್ರಿಯ ದೋಣಿ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಉಳಿದ ದಿನವೆಲ್ಲ ಜಪಮಾಲೆ ಹೇಳಿಸುವುದು, ಹಸುಗೂಸಿನ ತಲೆಗೆ ನೀರು ಹಾಕುವುದು, ಸತ್ತವರನ್ನು ಮಣ್ಣಿಗೆ ಕಳಿಸುವುದು ಎಲ್ಲವೂ ಫಿಸ್ಕಾಲನ ಪಾಲು. ಗಂಟೆಯೂ ಅವನದೇ. ಈಗ ಆ ಸೇವೆ ನನಗೆ ಬಂದಿದೆ, ಒನೊಫ್ರೆ ಮಿಲ್ಯಾಕುರಾ ಎಂಬ ಈ ಪಾಮರನಿಗೆ.

"ನಮ್ಮದೇ ಅಮ್ಮಾ," ಎಂದೆ. "ಹಳೇ ಗಂಟೆಯ ನಾಲಿಗೆ. ಕಡಲು ನುಂಗಿತು ಅಂದ್ಕೊಂಡಿದ್ವಿ."

"ಕಡಲು ನುಂಗಿಲ್ಲ. ತಲೆಬುರುಡೆ ಪಕ್ಕದಲ್ಲಿತ್ತು."

ನಿನ್ನೆ ಎತ್ತುಗಳು ದೋನ್ಯಾ ಎಲಾದಿಯಾಳ ಮರದ ಮನೆಯನ್ನು ದಿಮ್ಮಿಗಳ ಮೇಲೆ ಇಡಿಯಾಗಿ ಎಳೆದು ಜಾಗದಿಂದ ಕದಲಿಸಿದಾಗ, ನೆಲಹಲಗೆಯ ಕೆಳಗಿದ್ದ ಮಣ್ಣಿನಿಂದ ಒಂದು ಕೈಯ ಮೂಳೆ ಮೇಲೆ ಚಾಚಿಕೊಂಡಿತ್ತು. ಅಲ್ಲಿಂದೀಚೆಗೆ ದ್ವೀಪದಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿಲ್ಲ.

ಅಸ್ಥಿಪಂಜರದ ಎದೆಯ ಮೇಲೆ ಫಿಸ್ಕಾಲನ ತಾಮ್ರದ ಶಿಲುಬೆ ಸಿಕ್ಕಿತ್ತು. ಹಾಗಾಗಿ ಅದು ಯಾರದೆಂದು ಕೇಳಬೇಕಾಗಿರಲಿಲ್ಲ. ದೋನ್ ಫಾಕುಂದೊ ಒಯಾರ್ಸೊ. ಎಲಾದಿಯಾಳ ಗಂಡ. ನಮ್ಮ ಶಾಲೆಗೆ ಅವರ ಹೆಸರಿದೆ, ಕಟ್ಟೆಯ ಮೇಲೆ ಅವರ ಮೂರ್ತಿ ಇದೆ. ಸಾವಿರದೊಂಬೈನೂರ ಅರವತ್ತರ ಮೇ ತಿಂಗಳ ಭೂಕಂಪದ ದಿನ, ಕಡಲು ಹಿಂದೆ ಸರಿದು ಬೆಟ್ಟದಂತೆ ಎದ್ದು ಬರುವಾಗ, ಗೋಪುರದಲ್ಲಿ ನಿಂತು ಗಂಟೆ ಬಾರಿಸಿ ಊರನ್ನೆಲ್ಲ ದಿಬ್ಬಕ್ಕೆ ಓಡಿಸಿದವರು. ಗೋಪುರದ ಸಮೇತ ಅಲೆಯ ಪಾಲಾದವರು. ನಾವು ನಂಬಿದ್ದು ಹಾಗೆ. ಮಕ್ಕಳಿಗೆ ಹೇಳಿಕೊಟ್ಟದ್ದೂ ಹಾಗೆ.

ಅವರು ಕಡಲಿಗೆ ಹೋಗಿರಲೇ ಇಲ್ಲ. ಹಿಂದಲೆ ಒಡೆದುಕೊಂಡು ಹೆಂಡತಿಯ ಒಲೆಯ ಕೆಳಗೆ ಮಲಗಿದ್ದರು.

ಗಾಳಿ ಬಿದ್ದುಹೋಗಿತ್ತು. ಎತ್ತುಗಳು ಬೇಲಿಯ ಬಳಿ ಹುಲ್ಲು ಮುಟ್ಟದೆ, ಗುಂಡಿಗೆ ಬೆನ್ನು ಮಾಡಿ ನಿಂತಿದ್ದವು. ಹಗ್ಗ ಎಳೆಯಲು ಬಂದಿದ್ದ ಜನ ಇನ್ನೂ ಆಚೆಗೆ, ಆಲೂಗಡ್ಡೆ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಿನ್ನದೆ ಕೂತಿದ್ದರು.

ಮನೆ ಮಾತ್ರ ಹುಲ್ಲುಗಾವಲ ನಡುವೆ, ದಿಮ್ಮಿಗಳ ಮೇಲೆ, ಇಳಿಜಾರಿನಲ್ಲಿ ನಿಂತಿತ್ತು. ಮುಂದಕ್ಕೂ ಹೋಗಿಲ್ಲ, ಹಿಂದಕ್ಕೂ ಬಂದಿಲ್ಲ. ದಿಮ್ಮಿಗಳಿಗೆ ಬೆಣೆ ಕೊಟ್ಟಿದ್ದೆವು. ದಪ್ಪ ಹಗ್ಗವೊಂದನ್ನು ಮೇಲಿನ ಸೈಪ್ರೆಸ್ ಮರದ ಬುಡಕ್ಕೆ ಸುತ್ತಿದ್ದೆವು. ಮನೆಯ ಹಿಂದೆ ಗುಂಡಿ. ಗುಂಡಿಯ ಹಿಂದೆ ಕಡಲು ತಿನ್ನುತ್ತಾ ಬಂದಿರುವ ದರೆ. ಹೊಗೆಕೊಳವೆಯಿಂದ ಹೊಗೆ ನೆಟ್ಟಗೆ ಏಳುತ್ತಿತ್ತು. ಒಳಗೆ ದೋನ್ಯಾ ಎಲಾದಿಯಾ ಕೂತಿದ್ದಳು. ಇಳಿಯುವುದಿಲ್ಲ ಎಂದಿದ್ದಳು. ಜೊತೆಗೆ ಬೇರೆ ಯಾರೂ ಬೇಡ, ಲಾಸ್ತೆನಿಯಾ ಒಬ್ಬಳು ಬರಲಿ ಎಂದಿದ್ದಳು.

ಲಾಸ್ತೆನಿಯಾ ನನ್ನ ಹೆಂಡತಿ.

"ಒಂದು ಮಾತು ಹೇಳಿ," ಎಂದರು ಇನ್‌ಸ್ಪೆಕ್ಟರಮ್ಮ. "ಫಾಕುಂದೊ ಇಲ್ಲಿ. ನಾಲಿಗೆಯೂ ಇಲ್ಲಿ. ಹಾಗಾದ್ರೆ ಆ ದಿನ ಗೋಪುರದಲ್ಲಿ ಬಾರಿಸಿದ್ದು ಯಾರು? ಯಾವುದರಿಂದ?"

"ಬಾರಿಸಿದ್ದಂತೂ ನಿಜ ಅಮ್ಮಾ. ನನ್ನ ಕಿವಿಯಾರೆ ಕೇಳಿದೀನಿ. ಅದನ್ನ ಕೇಳಿಯೇ ಓಡಿದ್ದು."

"ಹೇಗೆ ಕೇಳಿಸ್ತು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಣ್ಣು ಮುಚ್ಚಿದೆ. ನೆಲ ಕುದಿಯುವ ಗಂಜಿಯಂತೆ ಏಳುತ್ತಿದ್ದ ಆ ಮಧ್ಯಾಹ್ನ ಕಿವಿಗೆ ಬಂತು. ನಾಲಿಗೆ ಆಡುವಾಗ ಗಂಟೆ ಎರಡು ಮಗ್ಗುಲಿಗೂ ಬಡಿದು ತೂಗಿ ತೂಗಿ ಹಾಡುತ್ತದೆ. ಆ ದಿನ ಅದು ಹಾಡಿರಲಿಲ್ಲ. ಒಡಕು ಕೊಡ ಬಡಿದ ಹಾಗಿತ್ತು. ಎರಡು ಬೇಗ ಬೇಗ, ಆಮೇಲೆ ಒಂದು ಭಾರವಾಗಿ. ಮತ್ತೆ ಎರಡು, ಮತ್ತೆ ಒಂದು.

"ನಡುಕಕ್ಕೆ ಗಂಟೆ ಸೀಳಿದೆ ಅಂದ್ಕೊಂಡ್ವಿ," ಎಂದೆ. ನನ್ನ ಧ್ವನಿ ನನಗೇ ದೂರದಿಂದ ಬಂದಂತಿತ್ತು. "ಅಲೆ ಇಳಿದ ಮೇಲೆ ಗಂಟೆ ಕೆಸರಲ್ಲಿ ಸಿಕ್ತು. ಸೀಳಿರ್ಲಿಲ್ಲ. ನಾಲಿಗೆ ಇರ್ಲಿಲ್ಲ, ಅಷ್ಟೆ."

"ಆ ದಿನ ಭಾನುವಾರ. ಬೆಳಗ್ಗೆ ಪ್ರಾರ್ಥನೆಗೆ ಗಂಟೆ ಬಾರಿಸಿದ್ರಾ?"



ಬಾರಿಸಿರಲಿಲ್ಲ. ಪವಿತ್ರ ವಾರದಲ್ಲಿ ಗಂಟೆ ಮೂಕವಾಗುವ ದಿನಗಳಲ್ಲಿ ತಿರುಗಿಸುವ ಮರದ ಗಿರಗಟ್ಟೆ ಇದೆಯಲ್ಲ, ಆ ಬೆಳಗ್ಗೆ ಫಾಕುಂದೊ ಅದನ್ನೇ ತಿರುಗಿಸಿ ಕರೆದಿದ್ದರು. ನಾಲಿಗೆ ಕಟ್ಟುವ ತೊಗಲು ಸವೆದಿದೆ, ನನ್ನ ಅಪ್ಪಣೆ ಪಡೆದು ಬಡಗಿ ಅದನ್ನು ಕೆಳಗಿಳಿಸಿದ್ದಾನೆ ಎಂದು ಬಲಿಪೀಠದ ಮುಂದೆ ನಿಂತು ಹೇಳಿಯೂ ಇದ್ದರು. ಮಧ್ಯಾಹ್ನ ಭೂಮಿ ಬಾಯ್ಬಿಟ್ಟಿತು. ಬೆಳಗಿನದೆಲ್ಲ ಎಲ್ಲರ ತಲೆಯಿಂದ ತೊಳೆದುಹೋಯಿತು. ಗಂಟೆ ಕೇಳಿಸಿತು, ಗಂಟೆ ಬಾರಿಸುವವನು ಫಿಸ್ಕಾಲ, ಆದ್ದರಿಂದ ಬಾರಿಸಿದ್ದು ಫಾಕುಂದೊ. ಬೇರೆ ಕೈಯೊಂದು ಆ ಗಂಟೆಯನ್ನು ಮುಟ್ಟೀತು ಎಂದು ಯೋಚಿಸುವುದೇ ನಮಗೆ ಪಾಪವಾಗಿತ್ತು.

"ಬಡಗಿ ಯಾರು?" ಎಂದರು ಇನ್‌ಸ್ಪೆಕ್ಟರಮ್ಮ.

ನಾನು ಹೊಗೆಕೊಳವೆಯ ಕಡೆ ನೋಡಿದೆ.

"ಸಿಪ್ರಿಯಾನೊ ಚಿಗುವಾಯ್. ನನ್ನ ಮಾವ."

 ನಮ್ಮಲ್ಲಿ ಆ ಹೆಸರನ್ನು ಮೆಲ್ಲಗೆ ಹೇಳುವುದು ರೂಢಿ. ಅದೇ ದಿನ ಇಗರ್ಜಿಯ ಕಾಂದೆಲಾರಿಯಾ ಮಾತೆಯ ಮೂರ್ತಿಯ ಬೆಳ್ಳಿ ಕಿರೀಟ ಕಾಣೆಯಾಗಿತ್ತು, ಸಿಪ್ರಿಯಾನೊ ಕೂಡ. ಊರು ಎರಡನ್ನೂ ಸೇರಿಸಿ ಗಂಟು ಹಾಕಿತು. ಜನ ಸಾಯುತ್ತಿರುವಾಗ ತಾಯಿಯ ತಲೆಗೆ ಕೈ ಹಾಕಿದವನು ಎಂದಿತು. ಅವನ ಮಗಳನ್ನು ಮದುವೆಯಾದ ಮೇಲೂ, ನಾನು ಫಿಸ್ಕಾಲನಾದ ಮೇಲೂ, ಮೆರವಣಿಗೆಯಲ್ಲಿ ಮಾತೆಯ ಪಲ್ಲಕ್ಕಿಗೆ ಹೆಗಲು ಕೊಡಲು ಲಾಸ್ತೆನಿಯಾಳನ್ನು ಯಾರೂ ಕರೆದಿಲ್ಲ. ಅವಳು ಹಿಂದಿನ ಬಾಗಿಲಲ್ಲಿ ಬಂದು ಹಿಂದಿನ ಬಾಗಿಲಲ್ಲಿ ಹೋಗುತ್ತಾಳೆ.

"ಅಮ್ಮಾ," ಎಂದೆ, "ಆಗ ಲಾಸ್ತೆನಿಯಾ ಸಣ್ಣ ಹುಡುಗಿ. ದಿಬ್ಬದ ಮೇಲೆ ನಾವೆಲ್ಲ ಅಳ್ತಾ ಕೂತಿದ್ವಲ್ಲ, ಆಗ ಒಂದೇ ಮಾತು ಹೇಳ್ತಾ ಇದ್ಳು. ಅದು ಗಂಟೆ ಅಲ್ಲ, ನಮ್ಮಪ್ಪ ಮೊಳೆ ಹೊಡೀತಿದಾರೆ, ನಮ್ಮಪ್ಪ ಹೊಡೆಯೋದೇ ಹಾಗೆ ಅಂತ."

"ನೀವೇನು ಹೇಳಿದ್ರಿ?"

"ಎಲ್ರೂ ಬಾಯಿ ಮುಚ್ಚೇ ಅಂದ್ರು."

ಇನ್‌ಸ್ಪೆಕ್ಟರಮ್ಮ ಕಾಸ್ತ್ರೊ ಪಟ್ಟಣದಿಂದ ಬಂದವರು, ಆದರೂ ಈ ಚಿಲೊಯೆ ದ್ವೀಪಗಳ ನೆಲದ ಮಗಳೇ. ಅವರೂ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಆಮೇಲೆ ಗುಂಡಿಯ ಸುತ್ತ ಒಂದು ಸುತ್ತು ಹಾಕಿ, ಕಾಲಿನಿಂದ ನೆಲ ಒತ್ತಿ ನೋಡಿದರು.

"ಇಲ್ಲಿ ನೋಡಿ. ಪಕ್ಕದಲ್ಲೇ ಸಮತಟ್ಟು ಜಾಗ ಇದೆ, ಕುಣಿದಾಡಬಹುದು. ಅದನ್ನ ಬಿಟ್ಟು ಇಳಿಜಾರಲ್ಲಿ ಮನೆ ತಂದು ಕೂರಿಸಿದಾರೆ. ಕಡಲ ಕಡೆ ಆಳೆತ್ತರ ಕಂಬ ಕೊಟ್ಟಿದಾರೆ. ಯಾವ ಹುಚ್ಚ ಹೀಗೆ ಮನೆ ಇಡ್ತಾನೆ?"

"ಇಟ್ಟವರು ನಾವೇ," ಎಂದೆ. "ಇಡೀ ದ್ವೀಪ."

ಹೇಳಿದ ಮೇಲೆ ಅದರ ಅರ್ಥ ನನಗೆ ಹತ್ತಿತು. ಅಲೆ ಬಂದ ಮೇಲೆ ದಂಡೆಯಲ್ಲಿ ಉಳಿದದ್ದು ಆ ಒಂದೇ ಮನೆ. ವಿಧವೆಯನ್ನು ಕಡಲ ಬಾಯಲ್ಲಿ ಬಿಡಬಾರದೆಂದು ಮಿಂಗಾ ಕಟ್ಟಿದೆವು. ಕೂಲಿಯಿಲ್ಲದ ಮುಯ್ಯಾಳು, ಎತ್ತು ಇದ್ದವರು ಎತ್ತು ತಂದರು, ಇಲ್ಲದವರು ಹೆಗಲು ತಂದರು. ಹಾಡುತ್ತ, ಕೂಗುತ್ತ ಮನೆಯನ್ನು ದಿಬ್ಬಕ್ಕೆ ಎಳೆದು ತಂದೆವು. ನನ್ನ ಅಂಗೈಯಲ್ಲಿ ಆ ಹಗ್ಗದ ಗುರುತು ಎಷ್ಟೋ ದಿನ ಇತ್ತು. ದಯೆಯಿಂದ ಎಳೆದೆವು. ಎಳೆದು ಎಳೆದು ಕೊಲೆಯಾದವನ ಮೇಲೆ ಮುಚ್ಚಳದಂತೆ ಇಟ್ಟೆವು.

ಇನ್ನೊಂದು ನೆನಪಾಯಿತು. ಕಡಲಲ್ಲಿ ಸತ್ತವರ ದೇಹ ಸಿಗದಿದ್ದರೆ ಹಲಗೆಯ ಮೇಲೆ ದೀಪ ಹಚ್ಚಿ ನೀರಿಗೆ ಬಿಡುತ್ತೇವೆ. ದೀಪ ನಿಂತಲ್ಲಿ ದೇಹ ಇರುತ್ತದೆ. ಫಾಕುಂದೊ ಹೆಸರಲ್ಲಿ ಪ್ರತಿ ವರ್ಷ ಬಿಟ್ಟ ದೀಪ ತೇಲಿ ತೇಲಿ, ತಿರುಗಿ, ಇದೇ ದರೆಯ ಕೆಳಗೆ ಬಂದು ನಿಲ್ಲುತ್ತಿತ್ತು. ಗಂಡ ಹೆಂಡತಿಯನ್ನು ನೋಡಲು ಬರುತ್ತಾನೆ ಎಂದು ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

"ಆ ಮಿಂಗಾಕ್ಕೆ ಕರೆದವರು ಯಾರು?"

"ಮಿಂಗಾಕ್ಕೆ ಕರೆಯೋದಲ್ಲ ಅಮ್ಮಾ. ಮೊರೆ ಇಡೋದು. ನಿಮಗೂ ಗೊತ್ತು."

ಅವರಿಗೆ ಗೊತ್ತಿತ್ತು. ಮನೆ ಮನೆಯ ಬಾಗಿಲಿಗೆ ಹೋಗಬೇಕು. ಟೋಪಿ ತೆಗೆಯಬೇಕು. ಪೂರ್ತಿ ಹೆಸರು ಹಿಡಿದು ಕರೆದು, ಮೊರೆ ಇಡುತ್ತೇನೆ ಎನ್ನಬೇಕು. ಮೊರೆ ಕೇಳಿಸಿಕೊಂಡವನು ಇಲ್ಲ ಎನ್ನುವಂತಿಲ್ಲ. ಹಾಗೆ ಇಲ್ಲ ಎಂದವನ ಮನೆಯಲ್ಲಿ ನಾಳೆ ಸಾವಾದರೆ ಹೊರಲು ಯಾರೂ ಹೋಗುವುದಿಲ್ಲ.

"ಯಾರು ಇಟ್ಟದ್ದು?"

"ದೋನ್ ಅಬ್ದೋನ್ ಕಾರ್ಕಮೊ. ಫಾಕುಂದೊ ಗಂಟೆ ಬಾರಿಸ್ತಾ ಇದ್ದದ್ದನ್ನ ಕಣ್ಣಾರೆ ಕಂಡೆ ಅಂತ ಹೇಳಿದವರೂ ಅವರೇ."

* * *

ಅಬ್ದೋನ್ ಕಾರ್ಕಮೊ ದೋಣಿಗಳ ಒಡೆಯ. ಅವರ ದೋಣಿಮನೆ ಹುಲ್ಲುಗಾವಲಿನ ಮೇಲ್ತುದಿಯಲ್ಲೇ ಇದೆ. ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತದೆ. ವಯಸ್ಸು ಎಂಬತ್ತರ ಹತ್ತಿರ. ಆದರೂ ಬೋರಲು ಹಾಕಿದ ದೋಣಿಯ ಸಂದಿಗಳಿಗೆ ಮರದ ನಾರು ತುರುಕುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

"ಬಾರೋ ಒನೊಫ್ರೆ. ಕಾಸ್ತ್ರೊ ಮೇಡಮ್ಮೂ ಬಂದಿದಾರೆ. ಸೇಬಿನ ಹೆಂಡ ಕೊಡೋಣ ಅಂದ್ರೆ ಪಟ್ಟಣದವರಿಗೆ ನಮ್ಮ ಹುಳಿ ಇಳಿಯುತ್ತೋ ಇಲ್ವೋ."

"ಇಳಿಯುತ್ತೆ ಯಜಮಾನ್ರೇ. ನಿಮ್ಮ ಮಾತೇ ಇಳೀತಿಲ್ಲ," ಎಂದರು ಇನ್‌ಸ್ಪೆಕ್ಟರಮ್ಮ.

"ಯಾವ ಮಾತು?"

"ಫಾಕುಂದೊ ಗೋಪುರದಲ್ಲಿ ನಿಂತು ಹಗ್ಗ ಜಗ್ತಿದ್ದ ಅಂದದ್ದು."

"ಕಂಡದ್ದನ್ನ ಹೇಳ್ದೆ."

ಇನ್‌ಸ್ಪೆಕ್ಟರಮ್ಮ ಗೋಣಿಚೀಲ ಬಿಚ್ಚಿ ನಾಲಿಗೆಯನ್ನು ದೋಣಿಯ ಬೆನ್ನ ಮೇಲಿಟ್ಟರು. ಮರ ಟೊಳ್ಳಾಗಿ ಸದ್ದು ಮಾಡಿತು. ಅಬ್ದೋನ್ ಕೈ ಅಲ್ಲೇ ನಿಂತಿತು.

"ಅದಕ್ಕೇನೀಗ?" ಎಂದರು. ಆದರೆ ಅದನ್ನು ನೋಡದೆ ನನ್ನನ್ನು ನೋಡಿದರು.

"ಇದು ಕೆಳಗಿತ್ತು ಯಜಮಾನ್ರೇ. ಮೇಲೆ ಹಗ್ಗ ಜಗ್ಗಿದ್ರೆ ಏನು ಆಡ್ತಿತ್ತು? ಗಾಳಿನಾ?"

"ನನಗೆ ವಯಸ್ಸಾಗಿದೆ. ಮರೆವು."

"ಬೆಳಗ್ಗೆ ಗಿರಗಟ್ಟೆ ತಿರುಗಿಸಿದ್ದು ಒನೊಫ್ರೆಗೆ ನೆನಪಿದೆ. ನಿಮಗೆ ಇಲ್ವಾ?"

"ಲೋ ಒನೊಫ್ರೆ," ಅಬ್ದೋನ್ ಹಲ್ಲು ಕಚ್ಚಿದರು, "ಕಳ್ಳನ ಅಳಿಯ ನೀನು. ಮಾವನ ಮೈ ತೊಳೆಯೋಕೆ ಸತ್ತವರ ಮೇಲೆ ಕೆಸರು ಎರಚ್ತಾ ಇದೀಯಾ? ಇದೇನಾ ನೀನು ಜಪ ಮಾಡೋದು?"

ಕೋಪ ಬರಬೇಕಿತ್ತು, ಬಂದದ್ದು ಭಯ. ಆ ಮುದುಕನ ಗದ್ದ ನಡುಗುತ್ತಿತ್ತು. ಕೊಂದವನು ಹಾಗೆ ನಡುಗುವುದಿಲ್ಲ, ಏನನ್ನೋ ಈಗ ತಾನೇ ಅರಿತವನು ನಡುಗುತ್ತಾನೆ ಎನಿಸಿತು.

ಇನ್‌ಸ್ಪೆಕ್ಟರಮ್ಮ ಮೆಲ್ಲಗೆ ಹೇಳಿದರು: "ನೀವು ಕೊಂದ್ರಾ?"

"ದೇವರಾಣೆಗೂ ಇಲ್ಲ!"

"ಹಾಗಾದ್ರೆ ಸುಳ್ಳು ಯಾಕೆ ಹೇಳಿದ್ರಿ?"

ಅಬ್ದೋನ್ ಕೈಯಲ್ಲಿದ್ದ ನಾರನ್ನು ಉಂಡೆ ಮಾಡಿದರು. ಬಿಡಿಸಿದರು. ಮತ್ತೆ ಉಂಡೆ ಮಾಡಿದರು.

"ಮೊರೆ ಇಟ್ಟಳು," ಎಂದರು.

"ಯಾರು?"

"ಎಲಾದಿಯಾ. ಅಲೆ ಇಳಿದ ಮೇಲೆ ದಂಡೆಯಲ್ಲಿ ಹೆಣ ಹುಡುಕ್ತಾ ಇದ್ದೆ. ಬಂದಳು. ತಲೆವಸ್ತ್ರ ತೆಗೆದು, ಒದ್ದೆ ಮರಳಲ್ಲಿ ಮಂಡಿಯೂರಿದಳು. ನನ್ನ ಪೂರ್ತಿ ಹೆಸರು ಹಿಡಿದು ಕರೆದಳು. ಅಬ್ದೋನ್ ಕಾರ್ಕಮೊ, ಮೊರೆ ಇಡ್ತೀನಿ, ನನ್ನ ಗಂಡ ಬಾರಿಸ್ತಿದ್ದದ್ದನ್ನ ಕಂಡೆ ಅಂತ ಹೇಳು ಅಂದಳು. ನಾನೇನು ಮಾಡ್ಲಿ? ಅವನು ಹೆದರಿ ಎಲ್ಲೋ ಓಡಿ ಸತ್ತಿರ್ತಾನೆ, ಪಾಪ, ಹೆಂಗಸು ಮಾನ ಮುಚ್ಕೋತಿದಾಳೆ ಅಂದ್ಕೊಂಡೆ. ಹೂಂ ಅಂದೆ. ಹೂಂ ಅಂದ ಮೇಲೆ ಮುಗೀತಲ್ಲ. ಇಷ್ಟು ವರ್ಷ ಅದನ್ನೇ ಹೇಳಿ ಹೇಳಿ, ನಿಜವಾಗ್ಲೂ ಕಂಡಿದೀನೇನೋ ಅನ್ನೋ ಹಾಗಾಗಿದೆ."

"ಮನೆ ಎಳೆಸಿದ್ದು?"

"ಅದೂ ಅವಳೇ. ನನ್ನ ಪರವಾಗಿ ಬಾಗಿಲು ಬಾಗಿಲಿಗೆ ಹೋಗು ಅಂದಳು. ಹೋದೆ."

"ಇಳಿಜಾರಲ್ಲಿ ಇಡಿಸಿದ್ದು ನೀವಾ?"

ಅಬ್ದೋನ್ ಬಾಯಿ ತೆರೆದರು. ಆದರೆ ಮಾತು ಬಂದದ್ದು ನನ್ನಿಂದ.

"ಅಲ್ಲ," ಎಂದೆ. "ಮೂಲೆಗೂಟ."

ಇಬ್ಬರೂ ನನ್ನ ಕಡೆ ತಿರುಗಿದರು.

ಎಳೆಯುವುದು ಊರಿನ ಕೆಲಸ. ಎಲ್ಲಿ ಇಳಿಸಬೇಕೆಂದು ನಾಲ್ಕು ಮೂಲೆಗೆ ಗೂಟ ನೆಡುವುದು ಮಾತ್ರ ಮನೆಯೊಡೆಯನ ಕೆಲಸ. ಅದನ್ನು ಬೇರೆಯವರು ಮಾಡಿದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ ಎನ್ನುತ್ತೇವೆ. ಆ ದಿನ ಮಳೆ ಹನಿಯುತ್ತಿತ್ತು. ಗಂಡಸರು ಸಮತಟ್ಟು ಜಾಗದಲ್ಲಿ ಕಲ್ಲು ಆರಿಸಿ ಇಟ್ಟಿದ್ದರು. ಎಲಾದಿಯಾ ಕಂಕುಳಲ್ಲಿ ನಾಲ್ಕು ಗೂಟ ಇಟ್ಟುಕೊಂಡು ಬಂದಳು. ಆ ಕಲ್ಲುಗಳನ್ನು ದಾಟಿ ಇಳಿಜಾರಿಗೆ ಹೋದಳು. ಯಾರೋ ಕೂಗಿದರು, ತಾಯಿ, ಅಲ್ಲಿ ನೆಲ ವಾರೆ ಇದೆ ಅಂತ. ಅವಳು ತಿರುಗಲಿಲ್ಲ. ನಾಲ್ಕು ಗೂಟವನ್ನೂ ತನ್ನ ಕೈಯಾರೆ ಹೊಡೆದಳು. ದುಃಖಕ್ಕೆ ಬುದ್ಧಿ ಕೆಟ್ಟಿದೆ ಎಂದು ನಾವು ಮರುಗಿದೆವು. ಮರುಗುತ್ತಲೇ ಎಳೆದೆವು.

ಅವಳಿಗೆ ಗೊತ್ತಿತ್ತು. ಮೊದಲ ದಿನದಿಂದಲೇ. ಗಂಡನ ಎದೆಯ ಮೇಲೆಯೇ ಒಲೆ ಹಚ್ಚಿದ್ದಳು, ರೊಟ್ಟಿ ಬೇಯಿಸಿದ್ದಳು. ವರ್ಷಕ್ಕೊಮ್ಮೆ ದಂಡೆಗೆ ಇಳಿದು ಅವನಿಗಾಗಿ ನೀರಿನ ಮೇಲೆ ದೀಪ ಬಿಟ್ಟಿದ್ದಳು.

ಈ ಸಲ ಮನೆ ಕದಲಿಸಲು ಅವಳು ಒಪ್ಪಿರಲಿಲ್ಲ. ದರೆ ಕುಸಿಯುತ್ತಿದೆ, ಅಜ್ಜಿ ಕಡಲಿಗೆ ಬಿದ್ದಾಳು ಎಂದು ಅವಳ ಪರವಾಗಿ ಮನೆ ಮನೆಗೆ ಹೋಗಿ ಮೊರೆ ಇಟ್ಟವನು ನಾನು.

"ಫಿಸ್ಕಾಲರೇ," ಇನ್‌ಸ್ಪೆಕ್ಟರಮ್ಮನ ಧ್ವನಿ ಸಣ್ಣಗಾಗಿತ್ತು. "ನಿಮ್ಮ ಹೆಂಡತಿಯನ್ನೇ ಯಾಕೆ ಕರೆದಳು?"

ನನಗೂ ಅದೇ ಕ್ಷಣ ಅದೇ ಪ್ರಶ್ನೆ ಬಂದಿತ್ತು. ಪ್ರತಿ ಚಳಿಗಾಲಕ್ಕೆ ಲಾಸ್ತೆನಿಯಾಳಿಗೆ ಉಣ್ಣೆ ಕೊಡುತ್ತಿದ್ದವಳು ಎಲಾದಿಯಾ. ಕಳ್ಳನ ಮಗಳು ಎಂದು ಊರು ದೂರ ಇಟ್ಟಾಗ ಮಗ್ಗುಲಲ್ಲಿ ಕೂರಿಸಿಕೊಂಡವಳು ಎಲಾದಿಯಾ. ಎಂಥ ತಾಯಿ ಮನಸ್ಸು ಎಂದು ನಾನು ಅವಳಿಗಾಗಿ ದಿನವೂ ಪ್ರಾರ್ಥಿಸಿದ್ದೇನೆ.

ಆಗ ಆ ಸದ್ದು ಕೇಳಿಸಿತು.

ಹುಲ್ಲುಗಾವಲಿನ ಕಡೆಯಿಂದ. ಎರಡು ಬೇಗ ಬೇಗ. ಆಮೇಲೆ ಒಂದು ಭಾರವಾಗಿ.

ಮತ್ತೆ ಎರಡು. ಮತ್ತೆ ಒಂದು.

ಅಬ್ದೋನ್ ಎದ್ದು ನಿಂತಿದ್ದರು. ಮುಖ ಸುಣ್ಣ ಬಳಿದ ಹಾಗಾಗಿತ್ತು.

"ಸಿಪ್ರಿಯಾನೊ," ಎಂದರು. ಕರೆದ ಹಾಗೆ.

* * *

ಮೂವರೂ ಓಡಿದೆವು. ಹುಲ್ಲು ಒದ್ದೆಯಿತ್ತು, ಒಮ್ಮೆ ಬಿದ್ದೆ, ಎದ್ದೆ. ಬೇಲಿಯ ಬಳಿಯ ಜನರೂ ಎದ್ದು ನಿಂತಿದ್ದರು. ಆದರೆ ಯಾರೂ ಮುಂದೆ ಬಂದಿರಲಿಲ್ಲ. ಸತ್ತವನು ಬಡಿಯುತ್ತಿದ್ದಾನೆ ಎಂದುಕೊಂಡಿದ್ದರು. ಕೆಲವರು ಮಂಡಿಯೂರಿದ್ದರು.

ಮನೆಯ ಕೆಳಮಗ್ಗುಲಲ್ಲಿ ಲಾಸ್ತೆನಿಯಾ ನಿಂತಿದ್ದಳು. ಕೈಯಲ್ಲಿ ಮರದ ಕೊಡತಿ. ಬಡಗಿಯ ಮಗಳಿಗೆ ಕೊಡತಿ ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಪ್ಪನ ತಾಳ ಅವಳ ಮೊಣಕೈಯಲ್ಲೇ ಇತ್ತು. ಅವಳ ಕಾಲಬುಡದಲ್ಲಿ ಬೆಣೆಗಳು ಬಿದ್ದಿದ್ದವು. ಕೊನೆಯದು ಆಗ ತಾನೇ ಹಾರಿತ್ತು.

"ಲಾಸ್ತೆನಿಯಾ! ಏನೇ ಮಾಡ್ದೆ?"

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ನಗುವಿನಂಥದೇನೋ ಇತ್ತು. ಮೊದಲ ಪರಮಪ್ರಸಾದ ತೆಗೆದುಕೊಂಡು ಬಂದ ಹುಡುಗಿಯ ಮುಖದ ಹಾಗೆ.

"ಮುದುಕಾ, ಅಜ್ಜಿ ಹೇಳ್ತಾರಂತೆ! ಗಂಟೆ ಬಾರಿಸಿದ್ದು ಯಾರು ಅಂತ ನಾನು ಕಣ್ಣಾರೆ ಕಂಡಿದೀನಿ, ಕಿರೀಟ ಎಲ್ಲಿದೆ ಅಂತ್ಲೂ ಗೊತ್ತು, ಎಲ್ಲಾ ಹೇಳ್ತೀನಿ ಕೂತ್ಕೋ ಅಂದ್ರು. ಒಲೆ ವಾರೆಯಾಗಿ ಕೆಂಡ ಉರುಳ್ತಾ ಇದೆ, ಮೊದ್ಲು ಬೆಣೆ ಸಡಿಲಿಸು, ಹಗ್ಗ ಹಿಡಿದಿರುತ್ತೆ, ಮನೆ ಸಮ ಕೂರುತ್ತೆ ಅಂದ್ರು. ನಾನು ಬೇಡ ಅಂದೆ. ಆಗ ತಲೆವಸ್ತ್ರ ತೆಗೆದುಬಿಟ್ರು. ಮೊರೆ ಇಟ್ಟುಬಿಟ್ರು. ಪೂರ್ತಿ ಹೆಸರು ಹಿಡಿದು ಕರೆದ್ರು, ಲಾಸ್ತೆನಿಯಾ ಚಿಗುವಾಯ್ ಅಂತ. ನಮ್ಮಪ್ಪನ ಹೆಸರಲ್ಲಿ ನನ್ನ ಇಷ್ಟು ಮರ್ಯಾದೆಯಾಗಿ ಯಾರು ಕರೆದಿದಾರೆ?"

ಅವಳ ಬೆನ್ನ ಹಿಂದೆ, ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದ ಸದ್ದಾಯಿತು.

ಲಾಸ್ತೆನಿಯಾ ತಿರುಗಿ ನೋಡಿದಳು. ಮುಖದ ನಗು ಅಲ್ಲೇ ಸತ್ತಿತು.

"ಅಜ್ಜೀ?" ಎಂದಳು. "ಅಜ್ಜೀ, ಮಾಡಿದೆ. ಬಾಗಿಲು ತೆಗೀರಿ. ಹೇಳ್ತೀನಿ ಅಂದ್ರಲ್ಲ?"

ಮನೆ ನರಳಿತು. ಮರದ ಚಿಪ್ಪು ಹೊದೆಸಿದ ಗೋಡೆಗಳು ದೊಡ್ಡ ಮೀನೊಂದು ಮೈ ಕೊಡವಿದಂತೆ ಒಮ್ಮೆ ಅಲುಗಿದವು. ದಿಮ್ಮಿ ಒದ್ದೆ ಹುಲ್ಲಿನ ಮೇಲೆ ಒಂದಿಷ್ಟು ಜಾರಿತು, ನಿಂತಿತು. ಸೈಪ್ರೆಸ್ ಬುಡಕ್ಕೆ ಸುತ್ತಿದ್ದ ಹಗ್ಗ ಬಿಗಿದು, ತಿರುಚಿ, ತೊಗಟೆಯನ್ನು ಸುಲಿಯುತ್ತಾ ಒಂದೊಂದೇ ಅಂಗುಲ ಬಿಟ್ಟುಕೊಡತೊಡಗಿತು.

"ಹಗ್ಗದ ಬಾಲ ಹಿಡೀರಿ!" ಇನ್‌ಸ್ಪೆಕ್ಟರಮ್ಮ ಕೂಗಿದರು. "ಎಲ್ರೂ ಬನ್ನಿ! ಅವಳೊಬ್ಬಳಿಗೇ ಗೊತ್ತಿರೋದು! ಅವಳು ಹೋದ್ರೆ ಎಲ್ಲಾ ಹೋಯ್ತು!"

ನಾನು ಹಿಡಿದೆ. ಲಾಸ್ತೆನಿಯಾ ಕೊಡತಿ ಬಿಸಾಡಿ ನನ್ನ ಮುಂದೆ ಬಂದು ಹಿಡಿದಳು. ಅವಳ ಮುಂದೆ ಇನ್‌ಸ್ಪೆಕ್ಟರಮ್ಮ. ನನ್ನ ಬೆನ್ನಿಗೆ ಅಬ್ದೋನ್‌ರ ಉಸಿರು ತಾಗುತ್ತಿತ್ತು. ಅವರ ಹಿಂದೆ ಬೇಲಿಯ ಜನ ಒಬ್ಬೊಬ್ಬರಾಗಿ ಬಂದು ಸೇರಿದರು. ಹಗ್ಗ ನಿಂತಿತು. ದರೆಯಂಚಿನ ಮಣ್ಣು ಮಾತ್ರ ಸರಸರ ಉದುರುವುದು ಕೇಳಿಸುತ್ತಿತ್ತು.

"ಎತ್ತು ಕಟ್ಟಿ!" ಎಂದು ಯಾರೋ ಅಂದರು. "ಎತ್ತು ಬರೋ ತನಕ ಹಿಡ್ಕೊಳ್ಳಿ!"

ಆಗ ಮನೆಯ ಮೇಲುಮಗ್ಗುಲ ಕಿಟಕಿ ತೆರೆಯಿತು.

ದೋನ್ಯಾ ಎಲಾದಿಯಾ ನಿಂತಿದ್ದಳು. ತಲೆವಸ್ತ್ರ ಇರಲಿಲ್ಲ. ಬಿಳಿಯ ಕೂದಲನ್ನು ಅಷ್ಟು ವರ್ಷದಲ್ಲಿ ನಾವು ಯಾರೂ ನೋಡಿರಲಿಲ್ಲ. ಹೆದರಿಕೆ ಇರಲಿಲ್ಲ ಅವಳ ಮುಖದಲ್ಲಿ. ಜಪಮಾಲೆ ಮುಗಿಸಿ ದೀಪ ಆರಿಸಲು ಎದ್ದವಳ ಹಾಗೆ ಕಾಣುತ್ತಿದ್ದಳು. 

ಕಿಟಕಿಯೊಳಗೇ ಮಂಡಿಯೂರಿದಳು. ಕಿಟಕಿಯ ಅಂಚಿನ ಮೇಲೆ ಗಲ್ಲ ಇಟ್ಟಳು. ಎರಡೂ ಕೈ ಹೊರಗೆ ಚಾಚಿದಳು.

"ಅಬ್ದೋನ್ ಕಾರ್ಕಮೊ," ಎಂದಳು. ಕೂಗಲಿಲ್ಲ, ಆದರೂ ಎಲ್ಲರಿಗೂ ಕೇಳಿಸಿತು. "ಒನೊಫ್ರೆ ಮಿಲ್ಯಾಕುರಾ."

"ಕಿವಿ ಮುಚ್ಕೊಳ್ಳಿ!" ಇನ್‌ಸ್ಪೆಕ್ಟರಮ್ಮ ಚೀರಿದರು. ಎರಡೂ ಕೈಯಲ್ಲಿ ಹಗ್ಗ ಹಿಡಿದವರು ಕಿವಿಯನ್ನು ಯಾವುದರಿಂದ ಮುಚ್ಚುವುದು?

ಅವಳು ಒಬ್ಬೊಬ್ಬರ ಹೆಸರನ್ನೂ ಪೂರ್ತಿ ಹಿಡಿದು ಕರೆದಳು. ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ನನ್ನ ಹೆಂಡತಿಯನ್ನು ಕರೆದಳು, ಅವಳ ಅಪ್ಪನ ಹೆಸರು ಸೇರಿಸಿ, ಮೆತ್ತಗೆ.

"ಮೊರೆ ಇಡ್ತೀನಿ. ಬಿಟ್ಟುಬಿಡಿ."

ಲಾಸ್ತೆನಿಯಾ ಅಳುತ್ತಿದ್ದಳು. ಅವಳ ಬೆರಳುಗಳು ಹಗ್ಗದ ಮೇಲೆ ಬೆಳ್ಳಗಾಗಿದ್ದವು. "ಹೇಳಿ ಹೋಗಿ ಅಜ್ಜೀ," ಎನ್ನುತ್ತಿದ್ದಳು, "ಒಂದೇ ಒಂದು ಮಾತು, ನಮ್ಮಪ್ಪ ಅಂತ ಹೇಳಿ ಹೋಗಿ."

ನಾನು ಮಾತೆಯ ಹೆಸರು ಹಿಡಿದುಕೊಂಡೆ. ಕಣ್ಣು ಮುಚ್ಚಿದೆ.

ಹಗ್ಗ ನನ್ನ ಕೈಯಲ್ಲಿ ಒಮ್ಮೆಲೇ ಭಾರವಾಯಿತು. ಬೆನ್ನಿಗೆ ತಾಗುತ್ತಿದ್ದ ಅಬ್ದೋನ್‌ರ ಉಸಿರು ಇರಲಿಲ್ಲ; ಅವರು ಹಗ್ಗ ಬಿಟ್ಟು ಹಿಂದೆ ಸರಿದಿದ್ದರು.